ಗಯಾಬಾಯಿಯ ಕರಿ ಬೆರಳು

ಹುಮನಾಬಾದಿನ ನಮ್ಮ ಓಣಿಯಲ್ಲಿ ಗಯಾಬಾಯಿಯ ನಗೆ ಕೇಳದವರಿಲ್ಲ, ನೋಡಿದವರು ಮಾತ್ರ ಕಡಿಮೆ. ನಗೆ ಬಂತೆಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಸೆರಗಿನ ಹಿಂದೆ ಅವಳು ಓಣಿಯ ತುದಿಗೆ ಕೇಳುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಯ ಈಚೆ ನಾನು, ಗಿರಿಜಾಬಾಯಿ, ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವಳು, ಓಣಿಗೆಲ್ಲ ಟೀಚರಬಾಯಿ. ಆಚೆ ಗಯಾಬಾಯಿ, ಅವಳ ಗಂಡ ಕಾಶಿರಾಮ, ಒಬ್ಬಳೇ ಮಗಳು ಶೀತಲ್. ಕಾಶಿರಾಮ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಹಮಾಲಿ. ಕಾಳಿನ ಚೀಲ ಹೊತ್ತು ಹೊತ್ತು ಅವನ ಕುತ್ತಿಗೆ ಭುಜದೊಳಗೆ ಇಳಿದುಬಿಟ್ಟಿದೆ, ಬಾಯಿ ಮಾತ್ರ ಎಂದೂ ಸುಮ್ಮನಿರುವುದಿಲ್ಲ. ಗಯಾಬಾಯಿ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು.

ಅವಳು ಹುಟ್ಟಿದ್ದು ಕೊಡಂಬಲದಲ್ಲಿ. ತಾಯಿ ಬಾಳಮ್ಮ ಕಂಡವರ ಹೊಲದಲ್ಲಿ ಕಳೆ ತೆಗೆದು ಮಕ್ಕಳನ್ನು ಸಾಕಿದವಳು. ಗಯಾಳ ಮೇಲಿನ ಹಲ್ಲುಗಳು ಚಿಕ್ಕಂದಿನಿಂದಲೇ ತುಟಿ ದಾಟಿ ಮುಂದೆ ಬಂದಿದ್ದವು. ‘ಗಯಾ ಬರೂಕಿಂತ ಮೊದ್ಲ ಆಕಿ ಹಲ್ಲು ಬರ್ತಾವ’ ಎಂದು ಓರಗೆಯ ಹುಡುಗಿಯರು ಕಾಡುತ್ತಿದ್ದರಂತೆ. ಸೀರೆ ಉಡುವ ವಯಸ್ಸಿಗೆ ಮೊದಲೇ ಅಂಗೈ ಬಾಯಿಗೆ ಹೋಗುವುದು ಅವಳಿಗೆ ರೂಢಿಯಾಯಿತು. ಆಮೇಲೆ ಒಂದು ದಿನ ತೊಗರಿ ಹೊಲದಲ್ಲಿ ದವಡೆ ನೋವೆದ್ದು ಹುಡುಗಿ ಬದುವಿನ ಮೇಲೆ ಬಿದ್ದು ಹೊರಳಾಡುವಾಗ ಬಾಳಮ್ಮ ತನ್ನ ಸೊಂಟದ ಡಬ್ಬಿ ತೆಗೆದು ಒಂದು ಚಿಟಿಕೆ ಮಿಶ್ರಿ ಒಸಡಿಗೆ ತಿಕ್ಕಿದಳು. ನೋವು ನಿಂತಿತು. ಮಿಶ್ರಿ ನಿಲ್ಲಲಿಲ್ಲ.

ಮಿಶ್ರಿ ಕಾಣದವರಿಗೆ ಹೇಳಬೇಕು. ಹೊಗೆಸೊಪ್ಪನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿ ಮಾಡಿ, ತೋರುಬೆರಳಿನಿಂದ ಹಲ್ಲಿಗೆ, ಒಸಡಿಗೆ ತಿಕ್ಕುವುದು. ಮರಾಠಿ ಸೀಮೆಗೆ ಹತ್ತಿದ ನಮ್ಮ ಭಾಗದಲ್ಲಿ ಅದು ಹೆಂಗಸರ ಹಲ್ಲುಪುಡಿ. ಅದನ್ನು ಯಾರೂ ಚಟ ಎನ್ನುವುದಿಲ್ಲ. ಗಂಡಸರದು ಗುಟಕಾ ಚಟ, ಬೀಡಿ ಚಟ, ಸೆರೆ ಚಟ. ಹೆಂಗಸರು ಮಾತ್ರ ಹಲ್ಲು ತಿಕ್ಕುತ್ತಾರೆ ಅಷ್ಟೆ. ಬೆಳಿಗ್ಗೆ ಚಹಾಕ್ಕೆ ಮೊದಲು ಹೊಸ್ತಿಲ ಮೇಲೆ ಸಾಲಾಗಿ ಕುಳಿತು, ಬಾಯಿಯೊಳಗೆ ಬೆರಳಿಟ್ಟುಕೊಂಡೇ ಊರಿನ ಸುದ್ದಿಯೆಲ್ಲ ಮುಗಿಸುತ್ತಾರೆ. ನಾನು ತಿಕ್ಕುವುದಿಲ್ಲ. ನಾನು ದೊಡ್ಡ ಜಾಣಳೆಂದಲ್ಲ, ನನಗೆ ತಲೆ ಸುತ್ತುತ್ತದೆ.

ಗಯಾಬಾಯಿಗೆ ನಲವತ್ತು ತುಂಬುವ ಮೊದಲೇ ಮುಂದೆ ಬಂದಿದ್ದ ಆ ಹಲ್ಲುಗಳು ಒಂದೊಂದಾಗಿ ಅಲುಗಾಡಿ ಉದುರಿದವು. ಬಲಗೈಯ ತೋರುಬೆರಳಿನ ತುದಿ ಕರ್ರಗಾಗಿತ್ತು. ಎಷ್ಟು ತೊಳೆದರೂ ಹೋಗದ ಕಪ್ಪು. ಬಾಳಮ್ಮ ಸತ್ತಾಗ ಗಯಾಬಾಯಿ ತವರಿನಿಂದ ತಂದದ್ದು ಮಿಶ್ರಿಯ ಆ ಹಿತ್ತಾಳೆ ಡಬ್ಬಿ ಒಂದೇ.

ಶೀತಲ್ ತಾಯಿಯ ಹಲ್ಲನ್ನೇ ಹೊತ್ತು ಹುಟ್ಟಿದ್ದಳು. ತುಟಿ ಕೂಡುತ್ತಿರಲಿಲ್ಲ. ಆದರೆ ಚುರುಕಿನ ಹುಡುಗಿ. ನಮ್ಮ ಅಂಗಳದಲ್ಲಿ ಇದ್ದಿಲಿನಿಂದ ಗೋಡೆಯ ಮೇಲೆ ಅಕ್ಷರ ಬರೆದು, ನನ್ನದೇ ದನಿಯಲ್ಲಿ, ನನ್ನದೇ ಸಿಟ್ಟಿನಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ‘ನಾ ಟೀಚರಬಾಯಿನೇ ಆಗ್ತೀನಿ’ ಎನ್ನುವುದು ಅವಳ ಹಟ. ಅಂಥವಳು ಕಾಲೇಜಿಗೆ ಹೋದ ವರ್ಷ ಮಂಕಾದಳು. ಎದ್ದು ನಿಂತು ಪಾಠ ಓದಿದಾಗ ಹಿಂದಿನ ಬೆಂಚಿನ ಹುಡುಗರು ತಮ್ಮ ಹಲ್ಲುಗಳನ್ನು ತುಟಿಯ ಮೇಲೆ ಇಟ್ಟುಕೊಂಡು ಅವಳನ್ನು ಅಣಕಿಸಿದರಂತೆ. ಆ ಹುಡುಗರು ನನ್ನ ಕೈಗೆ ಸಿಕ್ಕಿದ್ದರೆ ಅವರ ಹಲ್ಲನ್ನೇ ಮುರಿಯುತ್ತಿದ್ದೆ. ಶೀತಲ್ ಮನೆಗೆ ಬಂದು, ‘ಮಾಸ್ತರಕಿ ಬ್ಯಾಡ ನನಗ. ಮಕ್ಕಳ ಮುಂದ ನಿಂತ್ರ ಮಕ್ಕಳೂ ನಗ್ತಾವ’ ಎಂದು ಮುಖ ಗೋಡೆಗೆ ಮಾಡಿ ಮಲಗಿದಳು.

ಗಯಾಬಾಯಿ ಗೋಡೆಯ ಹತ್ತಿರ ಬಂದಳು. ಆ ದಿನ ಅವಳು ಸೆರಗು ಮರೆತಿದ್ದಳು.

“ಟೀಚರಬಾಯಿ, ನನ್ನ ಬಾಯಂತೂ ಹೋಯ್ತು, ಹೋಗ್ಲಿ. ಆಕಿ ಬಾಯಿ ಉಳೀಬೇಕ್ರಿ. ನನ್ನಂಗ ಬಾಯಿ ಮುಚ್ಚಿಕೊಂಡು ಆಕಿ ಬಾಳಬಾರದು. ಯಾರರ ಡಾಕ್ಟರ್ ಇದ್ರ ಹೇಳ್ರಿ.”

ನನ್ನ ಜೊತೆ ಕೆಲಸ ಮಾಡುವ ಒಬ್ಬರಿಂದ ಬಸವಕಲ್ಯಾಣದ ಡಾಕ್ಟರ್ ಸತೀಶಕುಮಾರರ ಹೆಸರು ಸಿಕ್ಕಿತು. ಅಲ್ಲಿಯವರೇ. ದೂರದ ಒಂದು ದಂತ ಕಾಲೇಜಿನಲ್ಲಿ ಹಲ್ಲು ಸಾಲುಗೂಡಿಸುವ ವಿದ್ಯೆ ಕಲಿಸುತ್ತಾರೆ. ಭಾನುವಾರ ಊರಿಗೆ ಬಂದು ಕೋಟೆ ಕಡೆಯ ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಾರೆ. ಖರ್ಚನ್ನು ಕಾಶಿರಾಮ ಹೇಗೆ ಹೊಂದಿಸಿದ ಎಂಬುದು ಬೇರೆ ಕಥೆ, ಅದು ಇಲ್ಲಿ ಬೇಡ. ತಾಯಿ ಮಗಳು ಭಾನುವಾರ ಬಸ್ಸು ಹತ್ತಿ, ಹೆದ್ದಾರಿಯ ಬಂಗ್ಲಾ ನಿಲ್ದಾಣದಲ್ಲಿ ಇಳಿದು, ಆಟೋದಲ್ಲಿ ತುರುಕಿಕೊಂಡು ಹೋಗಿ ಬರತೊಡಗಿದರು. ಇದು 2004ರ ಮಾತು.

ಡಾಕ್ಟರು ಮೊದಲ ದಿನ ಎಲ್ಲ ಕೇಳಿದರು. ಸಕ್ಕರೆ ರೋಗ ಇದೆಯಾ, ಬಿದ್ದು ಪೆಟ್ಟಾಗಿದೆಯಾ ಎಂದೆಲ್ಲ ಆದ ಮೇಲೆ, “ತಂಬಾಕು, ಗುಟಕಾ, ಏನರ ಅದೇನ್ರಿ?” ಎಂದೂ ಕೇಳಿದರು. ಗಯಾಬಾಯಿಗೆ ಸಿಟ್ಟೇ ಬಂತಂತೆ. “ನಮ್ಮ ಮನ್ಯಾಗ ತಂಬಾಕು ಮುಟ್ಟೋರು ಯಾರೂ ಇಲ್ರಿ. ನಮ್ಮ ಮನಿಯವ್ರಿಗೆ ಚಹಾ ಒಂದು ಬಿಟ್ರ ಏನೂ ಗೊತ್ತಿಲ್ಲ” ಎಂದಳು. ಸುಳ್ಳು ಹೇಳಿದಳೆಂದು ದಯವಿಟ್ಟು ತಿಳಿಯಬೇಡಿ. ನಮ್ಮ ಓಣಿಯ ಯಾವ ಹೆಂಗಸನ್ನು ಕೇಳಿದರೂ, ಬಾಯಿಯಲ್ಲಿ ಮಿಶ್ರಿ ಇದ್ದಾಗಲೇ ಕೇಳಿದರೂ, ಇದೇ ಉತ್ತರ ಬರುತ್ತಿತ್ತು.

ಚಿಕಿತ್ಸೆಯ ಕ್ರಮ ಇಷ್ಟು. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು ತೆಗೆದು ಜಾಗ ಮಾಡುವುದು, ತಂತಿ ಕಟ್ಟಿ ಮುಂದಿನ ಹಲ್ಲುಗಳನ್ನು ಆ ಜಾಗಕ್ಕೆ ಎಳೆಯುವುದು. ಎಳೆಯಲು ಹಿಂದೆ ಒಂದು ಆಸರೆ ಬೇಕು. ದವಡೆ ಹಲ್ಲಿಗೇ ಕಟ್ಟಿದರೆ ಅವೇ ಮುಂದೆ ಸರಿಯುತ್ತವೆ. ಮೊದಲಿನ ಪದ್ಧತಿಯಲ್ಲಿ ತಲೆಯ ಸುತ್ತ ಪಟ್ಟಿ ಹಾಕಿ ಎಳೆಯುತ್ತಿದ್ದರು. ಅದನ್ನು ತೋರಿಸಿದ್ದೇ ತಡ, ಶೀತಲ್ “ಕುದುರಿಗೆ ಲಗಾಮು ಹಾಕಿದಂಗ ಅದ, ಇದಕ್ಕಿಂತ ಹಲ್ಲೇ ಚಲೋ” ಎಂದು ಕುರ್ಚಿಯಿಂದ ಎದ್ದಳಂತೆ. ಆಗ ಡಾಕ್ಟರು ಹೊಸದೊಂದು ಉಪಾಯ ಹೇಳಿದರು. ದವಡೆ ಎಲುಬಿಗೇ ಅಕ್ಕಿಕಾಳಿನಷ್ಟು ಗಾತ್ರದ ಒಂದು ಸ್ಕ್ರೂ, ಎಡಕ್ಕೊಂದು ಬಲಕ್ಕೊಂದು. ಅದಕ್ಕೆ ಕಟ್ಟಿ ಎಳೆಯುವುದು. ಕೆಲಸ ಮುಗಿದ ಮೇಲೆ ಬಿಚ್ಚಿ ತೆಗೆಯುವುದು.

ಗಯಾಬಾಯಿ ಬೆವರಿದಳು. ಎಲುಬಿಗೆ ಸ್ಕ್ರೂ ಎಂದರೆ ಯಾರಿಗೆ ಜೀವ ಝಲ್ಲೆನ್ನುವುದಿಲ್ಲ? ಡಾಕ್ಟರು ಅವಳಿಗೆ ಅವಳ ಮಾತಿನಲ್ಲೇ ತಿಳಿಸಿದರು.

“ಎಮ್ಮಿ ಕಟ್ಟೀರೇನು ನೀವು?”

“ಎಮ್ಮಿ ಜೋಡಿನೇ ಬೆಳದೀನ್ರಿ.”

“ಗೂಟ ಗಟ್ಟಿ ಇದ್ರ ಎಮ್ಮಿ ನಿಲ್ತದ. ಇಲ್ಲಂದ್ರ?”

“ಗೂಟ ಕಿತ್ತಕೊಂಡು ಹೋಗ್ತದ್ರಿ.”

“ಅಷ್ಟೇ ನೋಡ್ರಿ. ಸ್ಕ್ರೂ ಅಂದ್ರ ಗೂಟ. ಎಲುಬು, ಒಸಡು ಅಂದ್ರ ಅದರ ಸುತ್ತಲಿನ ಮಣ್ಣು.”

ದೀಪಾವಳಿ ಮುಗಿದ ಮೇಲೆ ಎರಡೂ ಸ್ಕ್ರೂ ಕೂತವು. ಎಡಗಡೆಯದು ಬಹಳ ದಿನ ನಿಲ್ಲಲಿಲ್ಲ. ಸುತ್ತಲಿನ ಒಸಡು ಕೆಂಪಾಗಿ ಬಾತು, ರಕ್ತ ಒಸರಿ, ಸ್ಕ್ರೂ ಅಲುಗಾಡತೊಡಗಿತು. ಡಾಕ್ಟರು ಅದನ್ನು ತೆಗೆದು ಪಕ್ಕದಲ್ಲಿ ಹೊಸದು ಹಾಕಿದರು. ಈ ಸಲ ಒಂದು ಜೆಲ್ಲಿನ ಟ್ಯೂಬನ್ನೂ ಕೊಟ್ಟರು. “ಸ್ಕ್ರೂ ಸುತ್ತ ಎಲುಬು ಗಟ್ಟಿ ಹಿಡೀಲಿ ಅಂತ ಅಲ್ಲೇ ಔಷಧ ಕೊಡೂ ಪ್ರಯೋಗ ಹೊರದೇಶದಾಗ ನಡದಾವ, ಆದ್ರ ಇನ್ನಾ ಇಲಿ ಮ್ಯಾಲ. ಮನಷ್ಯಾರಿಗೆ ಬಂದಿಲ್ಲ. ಈಗ ನನ್ನ ಕಡೆ ಇರೂದು ಇದು. ಒಸಡಿಗೆ ಬಾವು ಬರದಂಗ ಕಾಯ್ತದ. ಹಲ್ಲು ತಿಕ್ಕಿದ ಮ್ಯಾಲ ಬೆಳಿಗ್ಗೆ ಸಂಜಿ ಸ್ಕ್ರೂ ಸುತ್ತ ಹಚ್ಚಬೇಕು. ತಪ್ಪಿಸಬ್ಯಾಡ್ರಿ” ಎಂದರು. ಹಿಂದಿನ ಮೂಲೆ ಶೀತಲ್‌ಗೆ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಹಚ್ಚುವ ಕೆಲಸ ತಾಯಿಯದಾಯಿತು.

ಗಯಾಬಾಯಿಗೆ ಆ ಜೆಲ್ಲಿನ ಮೇಲೆ ಮೊದಲ ದಿನವೇ ನಂಬಿಕೆ ಹೋಯಿತು. ಬಣ್ಣವಿಲ್ಲ, ಖಾರವಿಲ್ಲ, ಉಗುಳಿನಲ್ಲಿ ಕರಗಿ ಹೋಗುತ್ತದೆ. ‘ನೀರಿನಂಥಾ ದವಾ’ ಎಂದು ನನ್ನ ಮುಂದೆ ಮೂಗು ಮುರಿದಳು. ಅತ್ತ ಮಗಳು ಹೊಸ ಸ್ಕ್ರೂವಿನ ನೋವಿಗೆ ಕೆನ್ನೆ ಹಿಡಿದುಕೊಂಡು ಅಳುತ್ತಾಳೆ. ಗೂಟ ಅಲುಗಿದರೆ ಏನು ಮಾಡಬೇಕೆಂದು ಕೊಡಂಬಲದ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಬುಡದಲ್ಲಿ ಹರಳು, ಬೂದಿ ಹಾಕಿ ಜಡಿಯಬೇಕು. ಒಸಡನ್ನು ಗಟ್ಟಿ ಮಾಡುವುದು ಯಾವುದೆಂದೂ ಅವಳಿಗೆ ಗೊತ್ತಿತ್ತು. ಅಂಗೈಯಲ್ಲಿ ಜೆಲ್ ಹಿಂಡಿಕೊಂಡಳು, ಅದರ ಮೇಲೆ ಬಾಳಮ್ಮನ ಡಬ್ಬಿಯಿಂದ ಒಂದು ಚಿಟಿಕೆ ಉದುರಿಸಿದಳು, ಕಲಸಿದಳು, ಆ ಕರಿ ಬೆರಳಿನಿಂದ ಮಗಳ ಎರಡೂ ಸ್ಕ್ರೂಗಳ ಸುತ್ತ ಚೆನ್ನಾಗಿ ತಿಕ್ಕಿದಳು. ಶೀತಲ್‌ಗೆ ತಲೆ ತಿರುಗಿ ವಾಂತಿ ಬಂದಂತಾಯಿತು. ಆಮೇಲೆ ನೋವು ಇಳಿದು ಹುಡುಗಿ ಹಾಯಾಗಿ ಕುಳಿತಳು. ತಾಯಿಗೆ ಇನ್ನೇನು ಬೇಕು?

ಕದ್ದು ಮುಚ್ಚಿ ಮಾಡಿದ್ದೇನೂ ಇಲ್ಲ. ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ, ಬಿಸಿಲಿಗೆ ಮುಖ ಮಾಡಿಸಿ, ಬಾಯಿ ಅಗಲಿಸಿ ಹಚ್ಚುತ್ತಿದ್ದಳು. ಓಣಿಯೆಲ್ಲ ನೋಡುತ್ತಿತ್ತು. ಹಲ್ಲುನೋವಿಗೆ ಮಿಶ್ರಿ ಹಚ್ಚುವುದರಲ್ಲಿ ನೋಡುವಂಥದ್ದೇನಿದೆ?

ಹಲ್ಲು ತಿಕ್ಕಿ ಬಾಯಿ ತೊಳೆದುಕೊಂಡು ಮತ್ತೆ ಬಸವಕಲ್ಯಾಣಕ್ಕೆ ಹೋದಾಗ ಡಾಕ್ಟರು ಹಿಗ್ಗಿದರು. ಒಸಡು ಕೆಂಪಿಲ್ಲ, ಬಾವಿಲ್ಲ, ಒತ್ತಿದರೂ ರಕ್ತವಿಲ್ಲ, ನೋವೂ ಇಲ್ಲ. ಫೋಟೋ ತೆಗೆದುಕೊಂಡರು. ಆಮೇಲಿನ ತಿಂಗಳೂ ಹಾಗೇ. ಮುಂದಿನ ಹಲ್ಲುಗಳು ಹಿಂದೆ ಸರಿಯತೊಡಗಿದವು; ಹೋಳಿಯ ಹೊತ್ತಿಗೆ ಶೀತಲ್ ಸ್ವಲ್ಪ ಪ್ರಯತ್ನ ಪಟ್ಟರೆ ತುಟಿ ತುಟಿಗೆ ತಾಗುತ್ತಿತ್ತು. ಡಾಕ್ಟರು ತಮ್ಮ ಬೇರೆ ರೋಗಿಗಳಿಗೂ ಅದೇ ಜೆಲ್ಲನ್ನು ಅದೇ ಕ್ರಮದಲ್ಲಿ ಕೊಡತೊಡಗಿದರು. ಕಾಲೇಜಿನಲ್ಲಿ ಫೋಟೋ ತೋರಿಸಿ, ಹಚ್ಚುವ ಔಷಧಿಯಿಂದ ಸ್ಕ್ರೂ ಎಷ್ಟು ಚೆನ್ನಾಗಿ ನಿಲ್ಲುತ್ತದೆ ನೋಡಿ ಎಂದರಂತೆ. “ನಿಮ್ಮಂಗ ಶಿಸ್ತಿಲೆ ಹಚ್ಚೋರು ಯಾರೂ ಇಲ್ಲ ನೋಡ್ರಿ” ಎಂದು ಗಯಾಬಾಯಿಯನ್ನು ಹೊಗಳಿದರು.

ಆ ದಿನ ಅವಳು ಬಸ್ಸಿನಿಂದ ಇಳಿದು ನೇರ ಗೋಡೆಯ ಹತ್ತಿರ ಬಂದು ಸೆರಗಿನೊಳಗೆ ನಕ್ಕಳು. “ಅರ್ಧ ದವಾ ಡಾಕ್ಟರಂದು, ಅರ್ಧ ನಂದ್ರಿ, ಟೀಚರಬಾಯಿ.”

“ಹಂಗಾದ್ರ ಅವ್ರಿಗೆ ಹೇಳಬೇಕಿತ್ತಲ್ಲ?”

“ಹ್ಯಾಂಗ ಹೇಳ್ಲಿ? ಅಷ್ಟು ಓದ್ಯಾರ. ನನ್ನ ಮಿಶ್ರಿಲೆ ಗುಣ ಆಗ್ಯಾದ ಅಂದ್ರ ಪಾಪ ಅವರ ಮನಸಿಗೆ ಕೆಟ್ಟ ಅನಸ್ತದ.”

ಡಾಕ್ಟರ ಮಾನ ಕಾಪಾಡಲು ಸುಮ್ಮನಿದ್ದಳು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನಗೆಯೂ ಬರುತ್ತದೆ, ಅಳುವೂ ಬರುತ್ತದೆ.

ಬೇಸಿಗೆಯಲ್ಲಿ, ಊಟಕ್ಕೆ ಕುಳಿತಾಗ, ಶೀತಲ್ ಜೋಳದ ರೊಟ್ಟಿಯ ತುತ್ತು ಅಗಿಯುತ್ತ ಹರಳು ಸಿಕ್ಕಂತಾಗಿ ಉಗುಳಿದಳು. ಸ್ಕ್ರೂ. ಬಲಗಡೆಯದು. ಎಡಗಡೆಯದನ್ನು ಮುಟ್ಟಿ ನೋಡಿದರೆ ಅದೂ ಗಿರಗಿರ ತಿರುಗುತ್ತಿದೆ. ರಕ್ತದ ಹನಿಯೂ ಇಲ್ಲ. ಗಯಾಬಾಯಿ ಗಾಬರಿಯಾಗಿ ನನ್ನನ್ನೂ ಕರೆದಳು. ಆ ಭಾನುವಾರ ನಾನೂ ಜೊತೆಗೆ ಹೋದೆ.

ಡಾಕ್ಟರು ದೀಪ ಹತ್ತಿರ ಎಳೆದು ಬಹಳ ಹೊತ್ತು ನೋಡಿದರು. “ಕೆಂಪಿಲ್ಲ, ಬ್ಯಾನಿ ಇಲ್ಲ, ಮತ್ತ ಹ್ಯಾಂಗ ಸಡ್ಲಾಯ್ತು?” ಎಂದು ತಮಗೆ ತಾವೇ ಹೇಳಿಕೊಂಡರು. ಎಡಗಡೆಯ ಸ್ಕ್ರೂ ಬೆರಳಿಗೇ ಬಂತು. ಅದರ ತೂತನ್ನು ಅವರು ಕೆದಕಿ ಸ್ವಚ್ಛ ಮಾಡುವಾಗ ಶೀತಲ್ ನೋವಿಗೆ ಕುರ್ಚಿಯ ಹಿಡಿ ಹಿಡಿದು ಒದ್ದಾಡಿದಳು. ಡಾಕ್ಟರು ಕೈ ತೊಳೆಯಲು ಆಚೆ ತಿರುಗಿದರು. ಗಯಾಬಾಯಿ ಎದ್ದಳು, ಸೊಂಟದಿಂದ ಡಬ್ಬಿ ತೆಗೆದಳು, “ಅಳಬ್ಯಾಡವ್ವಾ, ಈಗ ಕಮ್ಮಿ ಆಗ್ತದ” ಎಂದು ಬೆರಳು ಅದ್ದಿ ಮಗಳ ಬಾಯಿಗೆ ಹಾಕಿದಳು.

ತಿರುಗಿ ನೋಡಿದ ಡಾಕ್ಟರು ಅವಳ ಮಣಿಕಟ್ಟು ಹಿಡಿದುಬಿಟ್ಟರು.

“ಏನದು?”

“ಮಿಶ್ರಿ ರೀ.”

“ಎಂದಿನಿಂದ ಹಚ್ಚಾಕತ್ತೀರಿ?”

“ನೀವು ದವಾ ಕೊಟ್ಟಾಗಿಂದ್ರಿ. ಅದರ ಜೋಡಿನೇ ಕಲಸಿ. ದಿನಾ. ಒಂದ್ ದಿನಾನೂ ತಪ್ಪಿಸಿಲ್ರಿ.” ಕೊನೆಯ ಮಾತನ್ನು ಅವಳು ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರು ಚೀರಿದರು. ಅಷ್ಟು ಮೃದು ಮನುಷ್ಯ ಹಾಗೆ ಚೀರಬಹುದೆಂದು ನಾನು ಎಣಿಸಿರಲಿಲ್ಲ. “ತಂಬಾಕು ಅದ ಏನು ಅಂತ ನಾ ಕೇಳಿದ್ದಿಲ್ಲೇನು? ಇಲ್ಲ ಅಂದ್ರಿ!”

“ಇದು ತಂಬಾಕಲ್ರೀ, ಡಾಕ್ಟರ್ ಸಾಬ್. ಇದು ಹಲ್ಲಿಗೆ ತಿಕ್ಕೂದು.”

ಅದೇ ಹೊತ್ತಿಗೆ ಕಿಟಕಿಯಾಚೆ ಅಂಗಳದಲ್ಲಿ ಡಾಕ್ಟರ ತಾಯಿ ಕಸ್ತೂರಿಬಾಯಿ ಮೋರಿಯ ಹತ್ತಿರ ಕುಳಿತು ಬಾಯಿಯೊಳಗೆ ಬೆರಳಾಡಿಸುತ್ತ, ಪಕ್ಕದ ಮನೆಯವಳ ಜೊತೆ ಮಾತಾಡುತ್ತಿದ್ದರು. ನಾವೆಲ್ಲ ಅತ್ತ ನೋಡಿದೆವು. ಡಾಕ್ಟರೂ ನೋಡಿದರು. ಅವರ ಕೈ ಗಯಾಬಾಯಿಯ ಮಣಿಕಟ್ಟನ್ನು ಬಿಟ್ಟಿತು. ಸ್ಟೂಲಿನ ಮೇಲೆ ಕುಳಿತು ತಮ್ಮ ಮುಖ ಒರೆಸಿಕೊಂಡರು.

“ತಂಬಾಕು ಅಂತ ಕೇಳಿದೆ. ಮಿಶ್ರಿ ಅಂತ ಕೇಳಬೇಕಿತ್ತು. ನಮ್ಮ ಮನ್ಯಾಗೇ ಅದ, ನನಗೇ ಕಾಣಲಿಲ್ಲ” ಎಂದರು.

ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಹೊಗೆಸೊಪ್ಪು ಒಸಡಿನ ರಕ್ತದ ಹರಿವನ್ನು ಕಟ್ಟುತ್ತದೆ. ಕೆಂಪಾಗಬೇಕಾದದ್ದು ಕೆಂಪಾಗುವುದಿಲ್ಲ, ಒಸರಬೇಕಾದ ರಕ್ತ ಒಸರುವುದಿಲ್ಲ, ನೋಯಬೇಕಾದದ್ದು ನೋಯುವುದಿಲ್ಲ. ಮೇಲೆಲ್ಲ ಶಾಂತ, ಒಳಗೆ ಎಲುಬು ಸ್ಕ್ರೂವನ್ನು ಹಿಡಿಯದೆ ಬಿಟ್ಟುಕೊಡುತ್ತಿರುತ್ತದೆ. ಅವರ ಫೋಟೋಗಳಲ್ಲಿ ಕಂಡ ಆ ಚೆಂದದ ಒಸಡು ಗುಣವಾದ ಒಸಡಲ್ಲ, ಸೊಲ್ಲಡಗಿದ ಒಸಡು. ಕಾಲೇಜಿಗೆ ಹೋಗಿ ಆ ಮಾತನ್ನು ತಾವೇ ತಿದ್ದಿ ಹೇಳಬೇಕೆಂದರು.

“ಇನ್ನ ಒಂದೇ ಜಾಗ ಉಳದದ, ಸ್ವಲ್ಪ ಹಿಂದ. ಈ ತೂತು ಮಾಯಬೇಕು, ಅಲ್ಲೀತನಕ ತಡೀಬೇಕು. ಮೂರನೇ ಸಲನೂ ಕಿತ್ತು ಬಂದ್ರ ನನ್ನ ಕಡೆ ದಾರಿ ಇಲ್ಲ. ಹಲ್ಲು ಅರ್ಧಕ್ಕೇ ನಿಲ್ತಾವ, ನಡುವ ಸಂದಿ ಬಿಟ್ಟು. ಮೊದಲಿಗಿಂತ ಕೆಟ್ಟ ಕಾಣ್ತದ. ಮಿಶ್ರಿ ಪೂರ್ತಿ ಬಿಡಬೇಕು.” ಹೀಗೆಂದು ಅವರು ಶೀತಲ್ ಕಡೆ ತಿರುಗಿದರು. “ನೀ ಬಿಡ್ತೀಯೇನವ್ವಾ?”

ಹುಡುಗಿ ತಲೆ ತಗ್ಗಿಸಿದಳು. ಅವಳ ಬದಲು ಗಯಾಬಾಯಿಯೇ ಮಾತಾಡಿದಳು. “ಆಕಿಗೇನ್ ಗೊತ್ರಿ? ಹಚ್ಚಿದಾಕಿ ನಾನು. ನಾನೇ ನಿಂದರಸ್ತೀನಿ. ನಮ್ಮ ಮನ್ಯಾಗ ಡಬ್ಬಿನೇ ತೆರ್ಯಾಂಗಿಲ್ಲ.”

ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ತನ್ನ ಆ ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು. ಮನೆಗೆ ಬಂದವಳೇ ಡಬ್ಬಿಯನ್ನು ಚರಂಡಿಗೆ ಬೋರಲು ಹಾಕಿದಳು. ತಾಯಿಯ ಡಬ್ಬಿಯೆಂದು ಎಸೆಯಲು ಮನಸ್ಸಾಗಲಿಲ್ಲ. ತೊಳೆದು, ಒರೆಸಿ, ದೇವರ ಮಾಡದಲ್ಲಿ ಫೋಟೋಗಳ ಹಿಂದೆ ಇಟ್ಟಳು.

ಆ ಮಳೆಗಾಲ ಅವಳು ಪಟ್ಟ ಕಷ್ಟ ನನಗೆ ಗೊತ್ತು. ಚಿಕ್ಕಂದಿನಿಂದ ಬಂದ ಚಟ ಅದು, ಈಗ ಅದಕ್ಕೆ ಚಟವೆಂದೇ ಹೆಸರಿಡಲು ಅವಳು ಕಲಿತಿದ್ದಳು. ತಲೆ ಸಿಡಿಯುತ್ತಿತ್ತು. ಮಿಶ್ರಿಯಿಲ್ಲದೆ ಬೆಳಿಗ್ಗೆ ಬಯಲಿಗೆ ಹೋದರೂ ಉಪಯೋಗವಿರುತ್ತಿರಲಿಲ್ಲ. ಮಿಲ್ಲಿನಲ್ಲಿ ಮೇಸ್ತ್ರಿ ಮುಕಾದಮನ ಜೊತೆ ಜಗಳ, ಮನೆಯಲ್ಲಿ ಪಾತ್ರೆಗಳ ಮೇಲೆ ಜಗಳ. “ಮೊದ್ಲ ಹಲ್ಲು ಹೋದ್ವು, ಈಗ ಬುದ್ಧಿ ಹೊಂಟದ ನೋಡ್ರಿ” ಎಂದು ಕಾಶಿರಾಮ ನಗೆಯಾಡಿ ಬೈಸಿಕೊಂಡ. ಬೆಳಗಿನ ಹೊಸ್ತಿಲ ಸಾಲಿಗೆ ಅವಳು ಹೋಗಲಾರಳು. ಅಲ್ಲಿ ಹೋದರೆ ವಾಸನೆಗೆ ಜೀವ ಎಳೆಯುತ್ತದೆ. ಓಣಿಯ ಹೆಂಗಸರು ‘ಗಯಾಬಾಯಿಗೆ ದೊಡ್ಡಸ್ತಿಕಿ ಬಂದದ’ ಎಂದು ಮುನಿಸಿಕೊಂಡರು. ಒಬ್ಬಳೇ ಕುಳಿತು ಚಹಾ ಕುಡಿಯುತ್ತ ಕಣ್ಣೀರು ಹಾಕುವುದನ್ನು ನಾನು ಗೋಡೆಯ ಈಚೆಯಿಂದ ಕಂಡಿದ್ದೇನೆ. ಶೀತಲ್‌ಗೂ ಆಗ ತಲೆನೋವು ಬರುತ್ತಿತ್ತು, ಸುಮ್ಮಸುಮ್ಮನೆ ರೇಗುತ್ತಿದ್ದಳು. ಪರೀಕ್ಷೆಯ ಓದು ಎಂದುಕೊಂಡಳು ತಾ‌ಯಿ.

ಮೂರನೆಯ ಸಲ ಸ್ಕ್ರೂ ಕೂತವು. ಗಯಾಬಾಯಿ ಸಾಬೂನಿನಿಂದ ಕೈ ತೊಳೆದು, ಬರಿಯ ಜೆಲ್ ಹಚ್ಚಿದಳು. ಕೆಲವು ದಿನಗಳಲ್ಲಿ ಒಸಡು ಸ್ವಲ್ಪ ಕೆಂಪಾಗಿ, ಹಲ್ಲು ತಿಕ್ಕುವಾಗ ಒಂದು ಹನಿ ರಕ್ತ ಬಂತು. ಅವಳು ಎದೆ ಬಡಿದುಕೊಂಡು ಬಸವಕಲ್ಯಾಣಕ್ಕೆ ಓಡಿದಳು. ಡಾಕ್ಟರು ನೋಡಿ ನಕ್ಕರು. “ಚಲೋ ಆಯ್ತು. ಒಸಡು ಈಗ ಖರೇ ಮಾತಾಡಾಕತ್ತದ. ಇಷ್ಟಕ್ಕ ನನ್ನ ದವಾ ಸಾಕು” ಎಂದು ಸ್ವಚ್ಛ ಮಾಡಿ, ಜೆಲ್ ಹಚ್ಚುವುದನ್ನು ಮುಂದುವರಿಸಲು ಹೇಳಿದರು. ಕೆಂಪು ಇಳಿಯಿತು. ಸ್ಕ್ರೂ ಅಲುಗಲಿಲ್ಲ. ಮುಂದಿನ ವರ್ಷದ ಕೊನೆಗೆ ತಂತಿ, ಸ್ಕ್ರೂ ಎಲ್ಲ ಬಿಚ್ಚಿದಾಗ ಶೀತಲ್‌ಳ ತುಟಿಗಳು ತಾವಾಗಿಯೇ ಕೂಡಿದವು.

ಹುಡುಗಿ ಡಿ.ಎಡ್. ಮುಗಿಸಿ ನಮ್ಮ ಊರಿನದೇ ಒಂದು ಖಾಸಗಿ ಶಾಲೆಗೆ ಸೇರಿದಳು. ಮೊದಲ ದಿನ ಗಯಾಬಾಯಿ ಮಿಲ್ಲಿಗೆ ಹೋಗುವ ದಾರಿ ಬಿಟ್ಟು ಶಾಲೆಯ ಗೇಟಿನ ಹತ್ತಿರ ನಿಂತು, ಮಗಳು ಮಕ್ಕಳಿಗೆ ಪದ್ಯ ಹೇಳಿಸುವುದನ್ನು ಕಿಟಕಿಯೊಳಗಿಂದ ನೋಡಿದಳಂತೆ. ಸಂಜೆ ನನಗೆ ಹೇಳುವಾಗ ಬಾಯ್ತುಂಬ ನಕ್ಕಳು. ಸೆರಗು ಹೆಗಲ ಮೇಲೇ ಇತ್ತು. ಉಳಿದಿದ್ದ ಒಂದೆರಡು ಹಲ್ಲುಗಳನ್ನು ನಾನು ಮೊದಲ ಬಾರಿ ಕಂಡೆ. ಬೆರಳಿನ ಕಪ್ಪೂ ಮಾಸಿ ಮಾಸಿ, ಆಗ ಬರೀ ಉಗುರಿನ ಅಂಚಿನಲ್ಲಿ ಉಳಿದಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಓಣಿಯವರಿಗೆ ಸಿಹಿ ಹಂಚಿ ಸುಮ್ಮನಾಗುತ್ತಿದ್ದೆ.

ನಾನು ಒಂದೆರಡು ಸಲ ಶೀತಲ್‌ಳ ಶಾಲೆಗೆ ಹೋಗಿದ್ದೇನೆ. ಪಾಠ ಚೆನ್ನಾಗಿ ಹೇಳುತ್ತಿದ್ದಳು, ಸಿಟ್ಟೂ ನನ್ನದೇ. ಆದರೆ ಒಂದು ವಿಷಯ ನನಗೆ ಸೋಜಿಗವಾಗಿತ್ತು. ಬೋರ್ಡಿನ ಕೆಲಸ ಮುಗಿದ ಕೂಡಲೇ ನಾವೆಲ್ಲ ಕೈ ಜಾಡಿಸಿ ಚಾಕ್‌ಪೀಸಿನ ಧೂಳು ಉದುರಿಸುತ್ತೇವೆ. ಈ ಹುಡುಗಿ ತೋರುಬೆರಳಿಗೆ ಧೂಳು ಬಳಿದುಕೊಂಡೇ ಮನೆಗೆ ಬರುತ್ತಿದ್ದಳು. ಹೊಸ ಟೀಚರಿಗೆ ಬಿಳಿ ಬೆರಳು ತೋರಿಸಿಕೊಳ್ಳುವ ಹುಮ್ಮಸ್ಸು ಎಂದುಕೊಂಡು ಒಳಗೊಳಗೇ ನಕ್ಕಿದ್ದೆ.

2009ರ ದಸರೆಗೆ ಮೊದಲು ಗಯಾಬಾಯಿ ಮನೆ ಸಾರಿಸಲು ಎಲ್ಲ ಸಾಮಾನು ಹೊರಗೆ ಹಾಕಿದಳು. ದೇವರ ಮಾಡದ ಫೋಟೋಗಳನ್ನು ಇಳಿಸುವಾಗ ಹಿಂದಿದ್ದ ಹಿತ್ತಾಳೆ ಡಬ್ಬಿ ಕೈಗೆ ಬಂತು. ಅವಳು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಗೋಡೆಯ ಹತ್ತಿರ ಬಂದಳು.

“ಟೀಚರಬಾಯಿ, ಇದು ನಾ ಖಾಲಿ ಮಾಡಿ ಇಟ್ಟಿದ್ದೆ. ಇದರಾಗ ತೂಕ ಅದ ನೋಡ್ರಿ.”

ಮುಚ್ಚಳ ತೆಗೆದೆ. ಅಂಚಿನ ತನಕ ಮಿಶ್ರಿ. ಹೊಸದು. ನಡುವೆ ಬೆರಳು ಅದ್ದಿದ ಗುಳಿ. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಮನೆಯಲ್ಲಿ ಇರುವವರು ಮೂವರು. ಕಾಶಿರಾಮ ಎಂದೂ ಮುಟ್ಟಿದವನಲ್ಲ. ಅವಳು ಬಿಟ್ಟು ವರ್ಷಗಳಾಗಿದ್ದವು.

ಸಂಜೆ ಶೀತಲ್ ಶಾಲೆಯಿಂದ ಬಂದಳು. ಗಯಾಬಾಯಿ ಮಗಳ ಕೈ ಹಿಡಿದು ಬಚ್ಚಲಿನ ಬಕೀಟಿನ ಹತ್ತಿರ ಕರೆದುಕೊಂಡು ಹೋಗಿ, ಚಿಕ್ಕ ಮಗುವಿಗೆ ತೊಳೆಯುವಂತೆ ಕೈ ತೊಳೆದಳು. ನೀರು ಬೆಳ್ಳಗಾಯಿತು. ಚಾಕ್‌ಪೀಸಿನ ಬಿಳಿ ಹೋಯಿತು, ಕೆಳಗೆ ಕಪ್ಪು ಉಳಿಯಿತು. ಅದೇ ಬೆರಳು, ಅದೇ ತುದಿ. ಗಯಾಬಾಯಿ ಸಾಬೂನು ಹಚ್ಚಿ ಮತ್ತೆ ತಿಕ್ಕಿದಳು, ಉಗುರಿನಿಂದ ಕೆರೆದಳು. ಹೋಗುವ ಕಪ್ಪಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಶೀತಲ್ ಅಳತೊಡಗಿದಳು. “ಬಿಡಬೇಕಂತ ಭಾಳ ಮಾಡಿದೆ, ಅವ್ವಾ. ಸ್ಕ್ರೂ ಇರೂತನಕ ಹಲ್ಲು ಕಚ್ಚಿ ತಡಕೊಂಡೆ. ಬಿಚ್ಚಿದ ಮ್ಯಾಲ ಆಗಲಿಲ್ಲ. ಹಚ್ಚದಿದ್ರ ತಲಿ ಸಿಡೀತದ. ಮಕ್ಕಳ ಮುಂದ ನಿಂತ್ರ ಮಾತೇ ಬರೂದಿಲ್ಲ.”

“ಎಂದಿನಿಂದ ಹಿಡ್ಕೊಂಡದ ನಿನಗ?”

ಹುಡುಗಿ ತಾಯಿಯ ಮುಖ ನೋಡಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದಳು ಅಷ್ಟೆ.

“ನೀ ಹಚ್ಚಿದಾಗಿಂದ.”

ಗಯಾಬಾಯಿಯ ಸೆರಗು ಬಾಯಿಗೆ ಹೋಯಿತು. ಈ ಸಲ ನಗೆ ಕೇಳಲಿಲ್ಲ. ಬಚ್ಚಲಿನ ಕಲ್ಲಿನ ಮೇಲೆ ಕುಳಿತು, ಮಗಳ ಒದ್ದೆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಕತ್ತಲಾಗುವ ತನಕ ಅವಳು ಮೇಲೇಳಲಿಲ್ಲ.

ಚಟ ಬಿಡಿಸುವ ದಾರಿಯನ್ನು ಡಾಕ್ಟರನ್ನೇ ಕೇಳಲೆಂದು ಭಾನುವಾರ ಇಬ್ಬರೂ ಬಸವಕಲ್ಯಾಣದ ಬಸ್ಸು ಹತ್ತಿದರು. ಸ್ಟ್ಯಾಂಡಿನ ತನಕ ನಾನೂ ಹೋಗಿದ್ದೆ. ಕಿಟಕಿಯ ಹತ್ತಿರ ಕುಳಿತ ಶೀತಲ್ ಬಾಯಿ ಮುಚ್ಚಿಕೊಂಡಿದ್ದಳು. ತುಟಿಗಳು ಚೆನ್ನಾಗಿ ಕೂಡಿದ್ದವು.